ಹಂಪಿ ಜಾತ್ರೆ ಸಾಕಾದವರಿಗೆ ಬೀದರ್

ದಾವಣಗೆರೆಯ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ. ರಜೆ ಸಿಕ್ಕಿತೆಂದು ಅಮ್ಮನನ್ನು ಕರ್ಕೊಂಡು ಹಂಪಿಗೆ ಹೋದರಂತೆ, ಕಲ್ಲಿನ ರಥದ ಮುಂದೆ ಸೆಲ್ಫಿಯವರ ಬೆನ್ನು ನೋಡಿಕೊಂಡು ವಾಪಸ್ ಬಂದರಂತೆ. 'ಸುಮ್ನೆ ಕೂತು ನೋಡೋ ಹಳೇ ಊರು ಒಂದಾದ್ರೂ ಇದೆಯಾ? ಬೀದರ್ ಅಂದ್ರೆ ಎಲ್ಲರೂ ಅಷ್ಟು ದೂರ ಹೋಗಿ ಏನ್ ನೋಡ್ತೀರಿ ಅಂತಾರೆ' ಎಂದು ಕೇಳಿದ್ದಾರೆ.

ಹೋಗಿ. ದೂರ ಅನ್ನೋದು ನಿಜ, ಬೆಂಗಳೂರಿನವರಿಗಂತೂ ಒಂದು ರಾತ್ರಿ ರೈಲಿನಲ್ಲೇ ಕಳೆಯುತ್ತದೆ. ಅಲ್ಲಿ ಗದ್ದಲ ಇಲ್ಲದಿರೋದಕ್ಕೆ ಆ ದೂರವೂ ಒಂದು ಕಾರಣ ಅಲ್ವಾ? ಆದರೆ ಇಡೀ ಊರೇ ಖಾಲಿ ಅಂದುಕೊಳ್ಳಬೇಡಿ. ನಾನಕ್ ಝೀರಾ ಗುರುದ್ವಾರದಲ್ಲಿ ಜನ, ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ಹೋಗುವ ನರಸಿಂಹ ಝರಾದಲ್ಲೂ ಜನ. ಬಹಮನಿ ಸುಲ್ತಾನರ ಕಾಲದ ಕಟ್ಟಡಗಳ ಕಡೆ ತಿರುಗಿದರೆ ಮಾತ್ರ ಬರೀ ಪಾರಿವಾಳಗಳು.

ಮೊದಲು ಊರ ನಡುವಿನ ಮಹಮೂದ್ ಗವಾನನ ಮದರಸಾ. ಪರ್ಷಿಯಾದ ಗಿಲಾನ್‌ನಿಂದ ಬಂದು ಇಲ್ಲಿ ಮಂತ್ರಿಯಾದವನು 1472ರಲ್ಲಿ ಕಟ್ಟಿಸಿದ್ದು. ಒಂಬತ್ತು ವರ್ಷದ ನಂತರ, ಯಾರೋ ಹುಟ್ಟಿಸಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಮುಂದೆ ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಎರಡು ಮಿನಾರಿನಲ್ಲಿ ಈಗ ಉಳಿದಿರೋದು ಒಂದೇ. ಅದರ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ ಹಂಚುಗಳನ್ನು ಹತ್ತಿರ ಹೋಗಿ ನೋಡಿ. ಉದುರಿದ ಕಡೆ ಬರೀ ಗಾರೆ, ಉಳಿದ ಕಡೆ ನಿನ್ನೆ ಹಚ್ಚಿದ ಬಣ್ಣದ ಹಾಗೆ ಹೊಳಪು.

ಕೋಟೆಗೆ ಅರ್ಧ ದಿನ ಇಡಿ. ಮುರಕಲ್ಲನ್ನೇ ಕಡಿದು ಮಾಡಿದ ಕಂದಕ ಒಂದು ಕಡೆ ಮೂರು ಸಾಲು ಇದೆ, ನಡುವಿನ ಗೋಡೆಗಳನ್ನು ಕಟ್ಟಿದ್ದಲ್ಲ, ಕಡಿಯದೆ ಬಿಟ್ಟದ್ದು. ಒಳಗಿನ ರಂಗೀನ್ ಮಹಲ್ ಅರಮನೆಗೆ ಬೀಗ ಇರುತ್ತದೆ, ನಾಚಿಕೆ ಬಿಟ್ಟು ಕಾವಲಿನವರನ್ನು ಕೇಳಿ. ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ತಲೆ ಸ್ವಲ್ಪ ಆಚೀಚೆ ಮಾಡಿದರೆ ಬಿಳಿ ಹೋಗಿ ಗುಲಾಬಿ, ಹಸಿರು ಮಿಂಚುತ್ತದೆ. ಫೋಟೋದಲ್ಲಿ ಅದು ಬರೋದಿಲ್ಲ, ನಾನು ಜಾಸ್ತಿ ಹೊತ್ತು ವ್ಯರ್ಥ ಒದ್ದಾಡಿದೆ.

ಇದೇ ಕೋಟೆಯ ಮಣ್ಣಿಗೆ ಬಿದ್ರಿ ಕೆಲಸದವರ ಹತ್ತಿರ ಇನ್ನೊಂದು ಉಪಯೋಗವಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿದ ಮೇಲೆ, ಹಳೇ ಗೋಡೆಗಳ ಕೆಳಗಿನ ಮಣ್ಣನ್ನು ನವಸಾಗರ ಅನ್ನೋ ಒಂದು ಬಗೆಯ ಉಪ್ಪಿನ ಜತೆ ನೀರಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆಗುತ್ತದೆ ಅಂತ ನಾಲಿಗೆಗಿಟ್ಟು ನೋಡುವವರೂ ಇದ್ದಾರೆ! ಅಂಗಡಿಗಿಂತ ಮೊದಲು ಕೆಲಸ ನಡೆಯುವ ಜಾಗಕ್ಕೆ ಹೋಗಿ, ಆಮೇಲೆ ಬೆಲೆ ಕೇಳಿದರೆ ಚೌಕಾಸಿ ಮಾಡೋ ಮನಸ್ಸೇ ಬರೋದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಊರಾಚೆಯ ಅಷ್ಟೂರು. ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಹುಮಾಯೂನ್ ಶಾನ ಗುಮ್ಮಟ ಸಿಡಿಲಿಗೆ ಸೀಳಿತಂತೆ, ಒಡೆದ ತೆಂಗಿನಕಾಯಿ ಹೋಳಿನ ಹಾಗೆ ನಿಂತಿದೆ. ಕ್ರೂರಿ ಅಂತ ಹೆಸರು ಪಡೆದವನು, ಜನ ಸಿಡಿಲಿಗೂ ಅದಕ್ಕೂ ಗಂಟು ಹಾಕದೆ ಬಿಡ್ತಾರಾ? ಪಕ್ಕದಲ್ಲೇ ಗುಲ್ಬರ್ಗಾದಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹ್ಮದ್ ಶಾ ವಲಿ ಮಲಗಿದ್ದಾನೆ. ಅವನನ್ನು ಅಲ್ಲಮಪ್ರಭು ಎಂದೇ ನಂಬುವವರಿದ್ದಾರೆ. ಹೋಳಿ ಹುಣ್ಣಿಮೆಯ ಆಸುಪಾಸಿನ ಉರುಸಿಗೆ ಜಂಗಮರು ಬರುವುದು ಇವತ್ತಿಗೂ ನಡೆದಿದೆ.

ಅವನ ಗೋರಿಯ ಒಳಗೆ ಕತ್ತಲು. ನಾನು ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ಏನೂ ಮಾತಾಡದೆ ಬಾಗಿಲ ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಕಳಿಸಿದರು. ಬೆಳಕು ಮೇಲೇರಿದ ಹಾಗೆ ಕೆಂಪು, ಬಂಗಾರದ ಬಣ್ಣದ ಬಳ್ಳಿ, ಅಕ್ಷರ ಒಂದೊಂದಾಗಿ ಎದ್ದವು.

ಅಮ್ಮನ ಮಂಡಿನೋವಿನ ಬಗ್ಗೆ ಕೇಳಿದ್ದೀರಿ. ಅಷ್ಟೂರಿನಲ್ಲಿ ಗೋರಿಗಳ ಹತ್ತಿರಕ್ಕೇ ಗಾಡಿ ಹೋಗುತ್ತದೆ, ಕೋಟೆಯಲ್ಲಿ ಮಾತ್ರ ನಡೆಯಲೇಬೇಕು. ಮಳೆ ನಿಂತ ಮೇಲೆ ಹೋಗಿ, ಏಪ್ರಿಲ್, ಮೇ ಬಿಸಿಲಿಗೆ ಬೇಡ. ಮತ್ತೆ, ಬಿಸಿಲು ಮೋಡಕ್ಕೆ ಸಿಗದ ದಿನವೇ ಅಷ್ಟೂರಿಗೆ ಹೋಗಿ, ಕನ್ನಡಿಗೆ ಕೆಲಸವಿರಬೇಕಲ್ಲ.