ಇಎಸ್‌ಐ ನಿಂತ ಮೇಲೆ ಮಕ್ಕಳಿರುವ ಕುಟುಂಬಕ್ಕೆ ಯಾವ ಆರೋಗ್ಯ ರಕ್ಷಣೆ?

ನೀವು ಬರೆದದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ದಾವಣಗೆರೆಯಲ್ಲಿದ್ದೀರಿ, ಆರು ಮತ್ತು ಎರಡು ವರ್ಷದ ಇಬ್ಬರು ಮಕ್ಕಳಿದ್ದಾರೆ, ಮಿಲ್ಲಿನಲ್ಲಿ ಕೆಲಸ ಮಾಡುವ ನಿಮ್ಮ ಯಜಮಾನರ ಸಂಬಳ ಈಚೆಗೆ 24,000 ರೂಪಾಯಿಗೆ ಏರಿದ್ದರಿಂದ ಇನ್ನು ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವುದಿಲ್ಲ ಎಂದು ಮಿಲ್ಲಿನಲ್ಲಿ ಹೇಳಿದ್ದಾರೆ, ಪಡಿತರ ಚೀಟಿ ಎಪಿಎಲ್, ದೊಡ್ಡ ಮಗನಿಗೆ ಆಗಾಗ ಉಬ್ಬಸ ಬರುತ್ತದೆ, ಪರಿಚಯದ ಏಜೆಂಟರು ತಂದಿರುವ ಪಾಲಿಸಿಗೆ ಸಹಿ ಹಾಕಬಹುದೇ ಎಂಬುದು ಪ್ರಶ್ನೆ. ನಾನು ಬೇರೆ ಜಿಲ್ಲೆಯ ಖಾಸಗಿ ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮಕ್ಕಳನ್ನು ದಾಖಲಿಸಿ, ಕೌಂಟರಿನ ಮುಂದೆ ಕಾರ್ಡು ಹಿಡಿದು ನಿಂತ ತಂದೆತಾಯಿಯರನ್ನು ದಿನವೂ ನೋಡುತ್ತಿರುವುದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ಇಎಸ್‌ಐ ವಿಚಾರ. ಅದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ ಎಂಬುದು ನಿಜ. ಆದರೆ ಸಂಬಳ ಆ ಮಿತಿಯನ್ನು ದಾಟಿದ ದಿನವೇ ರಕ್ಷಣೆ ಕೊನೆಗೊಳ್ಳುವುದಿಲ್ಲ. ಸಂಬಳದಿಂದ ಕಡಿತವಾಗುವ ವಂತಿಗೆಯ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು. ಅವಧಿ ಆರಂಭವಾದ ನಂತರ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗೂ ವಂತಿಗೆ ಕಡಿತವಾಗುತ್ತಲೇ ಇರಬೇಕು. ಸೆಪ್ಟೆಂಬರ್‌ಗೆ ಮುಗಿಯುವ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಮಾರ್ಚ್‌ಗೆ ಮುಗಿಯುವ ವಂತಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ ಸೌಲಭ್ಯದ ಅವಧಿ ಇರುತ್ತದೆ. ಆದ್ದರಿಂದ ನಿಮ್ಮ ಯಜಮಾನರಿಗೂ ಮಕ್ಕಳಿಗೂ ಇನ್ನೂ ಹಲವು ತಿಂಗಳ ರಕ್ಷಣೆ ಉಳಿದಿರುವ ಸಾಧ್ಯತೆಯೇ ಹೆಚ್ಚು. ಕೊನೆಯ ವಂತಿಗೆ ಯಾವ ತಿಂಗಳಿನದು ಎಂದು ಮಿಲ್ಲಿನಲ್ಲಿ ಕೇಳಿ, ಅದನ್ನು ಇಎಸ್‌ಐ ಶಾಖಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಖಾಸಗಿ ವಿಮೆಯಲ್ಲಿ ಅಪಘಾತವನ್ನು ಬಿಟ್ಟು ಉಳಿದ ಯಾವ ಕಾಯಿಲೆಗೂ ಮೊದಲ 30 ದಿನ ಹಣ ಬರುವುದಿಲ್ಲ. ಪಟ್ಟಿಯಲ್ಲಿರುವ ಕೆಲವು ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಬೇಕು. ಮೊದಲೇ ಇರುವ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ಇಎಸ್‌ಐ ಇನ್ನೂ ಜೀವಂತವಾಗಿರುವಾಗಲೇ ಪಾಲಿಸಿ ಕೊಂಡರೆ ಈ ಕಾಯುವ ಅವಧಿಯ ಒಂದು ಭಾಗ ಇಎಸ್‌ಐ ನೆರಳಿನಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಈ ವಾರವೇ ಏಜೆಂಟರ ಕಾಗದಕ್ಕೆ ಸಹಿ ಹಾಕುವ ಅವಸರ ಬೇಡ. ಹಾಗೆಂದು ಇಎಸ್‌ಐ ಮುಗಿಯುವ ತನಕ ಸುಮ್ಮನಿರುವುದೂ ಬೇಡ.

ಎರಡನೆಯದು, ಯಾವ ಖರ್ಚಿಗೆ ವಿಮೆ ಬೇಕು ಎಂಬುದನ್ನು ಬೇರ್ಪಡಿಸಿಕೊಳ್ಳುವುದು. ಈ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಹಣ ಸೋರುವುದು ಹೆಚ್ಚಾಗಿ ಜ್ವರ, ಕೆಮ್ಮು, ಭೇದಿ, ಲಸಿಕೆಗಳಿಗೆ. ಇವೆಲ್ಲ ಹೊರರೋಗಿ ಚಿಕಿತ್ಸೆಗಳು, ಮತ್ತು ಸಾಮಾನ್ಯ ಪಾಲಿಸಿಗಳು ಹೊರರೋಗಿ ಖರ್ಚನ್ನು ಕೊಡುವುದಿಲ್ಲ. ಅದನ್ನು ಸೇರಿಸಿ ಮಾರುವ ಪಾಲಿಸಿಗಳಲ್ಲಿ ನೀವು ಹೆಚ್ಚಾಗಿ ಕಟ್ಟುವ ಪ್ರೀಮಿಯಂ ಮತ್ತು ಮರಳಿ ಬರುವ ಮೊತ್ತವನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಲಾಭ ಕಾಣುವುದು ಅಪರೂಪ. ಈ ಭಾಗಕ್ಕೆ ಸರ್ಕಾರಿ ವ್ಯವಸ್ಥೆಯನ್ನೇ ಧೈರ್ಯವಾಗಿ ಬಳಸಿ. ಕಿರಿಯ ಮಗುವಿನ ಲಸಿಕೆಗೆ ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರಾರು ರೂಪಾಯಿ ಕೊಡುತ್ತಿದ್ದೇವೆ ಎಂದು ಬರೆದಿದ್ದೀರಿ. ಪೆಂಟಾವೇಲೆಂಟ್, ಪೋಲಿಯೋ, ರೋಟಾವೈರಸ್, ನ್ಯುಮೋಕಾಕಲ್, ದಡಾರ-ರುಬೆಲ್ಲಾ ಲಸಿಕೆಗಳೂ ಒಂದೂವರೆ ಮತ್ತು ಐದು ವರ್ಷದ ಸುಮಾರಿಗೆ ಕೊಡುವ ಡಿಪಿಟಿ ಬೂಸ್ಟರ್‌ಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಸೀತಾಳೆ ಸಿಡುಬು, ಹೆಪಟೈಟಿಸ್ ಎ ಮುಂತಾದವು ಆ ಪಟ್ಟಿಯಲ್ಲಿಲ್ಲ. ಅವು ಬೇಕೇ ಎಂಬುದನ್ನು ಮಕ್ಕಳ ವೈದ್ಯರೊಡನೆ ಮಾತಾಡಿ ನಿರ್ಧರಿಸಿ, ಅವಕ್ಕೆ ಮಾತ್ರ ಹಣ ಕೊಡಿ.

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡವನ್ನು ಅನೇಕ ತಂದೆತಾಯಿಯರು ಲಘುವಾಗಿ ಪರಿಗಣಿಸುವುದನ್ನು ಕಂಡು ನನಗೆ ಬೇಸರವಾಗುತ್ತದೆ. ಅದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹೃದಯದ ರಂಧ್ರ, ಸೀಳುತುಟಿ, ಕಿವುಡುತನ, ಬೆಳವಣಿಗೆಯ ವಿಳಂಬದಂಥ ತೊಂದರೆಗಳನ್ನು ಪತ್ತೆಹಚ್ಚಿ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯನ್ನೂ ಉಚಿತವಾಗಿ ಮಾಡಿಸುವ ವ್ಯವಸ್ಥೆ ಅದರಲ್ಲಿದೆ. ನಿಮ್ಮ ಕಿರಿಯ ಮಗುವಿನ ಹೆಸರು ಅಂಗನವಾಡಿಯಲ್ಲಿ ಇಲ್ಲದಿದ್ದರೆ ದಯವಿಟ್ಟು ನೋಂದಾಯಿಸಿ.

ಇನ್ನು ಆಸ್ಪತ್ರೆಗೆ ದಾಖಲಾಗುವ ದೊಡ್ಡ ಖರ್ಚು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನಿಮ್ಮದು ಎಪಿಎಲ್ ಆದ್ದರಿಂದ ಯೋಜನೆಯ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ. 30ರಷ್ಟನ್ನು ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ; ಉಳಿದದ್ದು ನಿಮ್ಮದು. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ನಿಮ್ಮೂರಿನಲ್ಲಿ ಅದಕ್ಕೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೊಬೈಲಿನಲ್ಲಿ ಮಾಡಿಕೊಂಡ 14 ಅಂಕಿಯ ಆಭಾ ಸಂಖ್ಯೆಯನ್ನೇ ವಿಮೆ ಎಂದು ನಂಬಿ ಬರುವವರು ಬಹಳ ಮಂದಿ. ಆಭಾ ನಿಮ್ಮ ವೈದ್ಯಕೀಯ ದಾಖಲೆಗಳ ಗುರುತಿನ ಸಂಖ್ಯೆ ಮಾತ್ರ. ಅದರಿಂದ ಒಂದು ರೂಪಾಯಿ ಬಿಲ್ಲೂ ಪಾವತಿಯಾಗುವುದಿಲ್ಲ.

ಊರಿನಲ್ಲಿರುವ ನಿಮ್ಮ ಅತ್ತೆಯವರು ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯೆ ಎಂದು ಹೇಳಿದ್ದೀರಿ. ಹಾಗಿದ್ದರೆ ಯಶಸ್ವಿನಿ ಯೋಜನೆಯನ್ನು ಖಂಡಿತ ವಿಚಾರಿಸಿ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ಪ್ರತ್ಯೇಕವಾಗಿ ನಡೆಯುತ್ತಿರುವ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಮತ್ತೆ ಆರಂಭವಾದಾಗ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ ನಿಗದಿಯಾಗಿತ್ತು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಮತ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸೊಸೆ ಮತ್ತು ಮೊಮ್ಮಕ್ಕಳ ಹೆಸರನ್ನು ಸೇರಿಸಲು ಸಾಧ್ಯವೇ ಎಂದು ಸಂಘದ ಕಾರ್ಯದರ್ಶಿಯವರನ್ನು ಅತ್ತೆಯವರ ಮೂಲಕವೇ ಕೇಳಿಸಿ.

ಇಷ್ಟಾದ ಮೇಲೂ ಡೆಂಗಿಯೋ ನ್ಯುಮೋನಿಯಾವೋ ಬಂದು ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ಮಗುವನ್ನು ನಾಲ್ಕೈದು ದಿನ ಇರಿಸಬೇಕಾದ ಸಂದರ್ಭಕ್ಕೆ ಕುಟುಂಬವೆಲ್ಲ ಒಟ್ಟಿಗೆ ಸೇರುವ ಫ್ಲೋಟರ್ ಪಾಲಿಸಿ ಬೇಕು ಎಂದೇ ನನ್ನ ಅಭಿಪ್ರಾಯ. ಮಕ್ಕಳಿಗೆ ಮಾತ್ರ ಪ್ರತ್ಯೇಕ ಪಾಲಿಸಿ ಹುಡುಕಬೇಡಿ. ಫ್ಲೋಟರ್‌ನ ಪ್ರೀಮಿಯಂ ಮನೆಯ ಹಿರಿಯ ಸದಸ್ಯರ ವಯಸ್ಸಿನ ಮೇಲೆ ನಿಲ್ಲುವುದರಿಂದ ಅತ್ತೆಯವರನ್ನು ಅದೇ ಪಾಲಿಸಿಗೆ ಸೇರಿಸದಿದ್ದರೆ ನಿಮಗೆ ಕಡಿಮೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಲೋಟರ್ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ರದ್ದಾಗಿದೆ. ಏಜೆಂಟರು ಕೊಟ್ಟ ಚೀಟಿಯಲ್ಲಿ ಆ ತೆರಿಗೆ ಕಂಡರೆ ಪ್ರಶ್ನಿಸಿ.

ಹೋಲಿಕೆಗೆ 'ಆರೋಗ್ಯ ಸಂಜೀವಿನಿ' ಪಾಲಿಸಿಯ ದರವನ್ನು ಎರಡು ಮೂರು ಕಂಪನಿಗಳಿಂದ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ತಂದ ಮಾದರಿ ಪಾಲಿಸಿ ಅದು. ಕಂಪನಿ ಯಾವುದಾದರೂ ಮೂಲ ಷರತ್ತುಗಳು ಒಂದೇ, ಬೆಲೆ ಮಾತ್ರ ಬೇರೆ. ಅದರಲ್ಲಿ ಬಿಲ್ಲಿನ ಶೇ. 5 ನೀವು ಕೊಡಬೇಕು, ಮತ್ತು ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ. 2, ಗರಿಷ್ಠ ದಿನಕ್ಕೆ 5,000 ರೂಪಾಯಿ. ಈ ಬಾಡಿಗೆ ಮಿತಿಯೇ ನಮ್ಮ ಕೌಂಟರಿನಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸುವ ಷರತ್ತು. ಮಿತಿ 5,000 ಇದ್ದು ನೀವು 8,000 ರೂಪಾಯಿಯ ಕೊಠಡಿ ಹಿಡಿದರೆ ಹೆಚ್ಚುವರಿ 3,000 ಮಾತ್ರ ಕಟ್ಟಿದರೆ ಸಾಲದು. ಔಷಧವನ್ನು ಬಿಟ್ಟು ವೈದ್ಯರ ಶುಲ್ಕ, ಶುಶ್ರೂಷೆ ಇತ್ಯಾದಿಗಳೂ ಅದೇ ಅನುಪಾತದಲ್ಲಿ ಕಡಿತವಾಗುತ್ತವೆ. ಅಂಥ ಶುಲ್ಕಗಳು 40,000 ಆಗಿದ್ದರೆ 25,000 ಮಾತ್ರ ಲೆಕ್ಕಕ್ಕೆ ಬರುತ್ತದೆ. ದಾಖಲಾಗುವಾಗಲೇ ಮಿತಿಯೊಳಗಿನ ಕೊಠಡಿ ಕೇಳಿ.

ಮಗನ ಉಬ್ಬಸದ ಬಗ್ಗೆ ಏಜೆಂಟರು "ಅದನ್ನು ಬರೆಯಬೇಡಿ, ಪಾಲಿಸಿ ಬೇಗ ಬರುತ್ತದೆ" ಎಂದಿದ್ದಾರಲ್ಲ, ಆ ಮಾತನ್ನು ದಯವಿಟ್ಟು ಕೇಳಬೇಡಿ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಎರಡು ವರ್ಷದಿಂದ ನೆಬ್ಯುಲೈಸೇಷನ್" ಎಂದು ವೈದ್ಯರು ಬರೆದ ಒಂದು ಸಾಲು ಸಾಕು, ಕ್ಲೇಮು ತಿರಸ್ಕೃತವಾಗುತ್ತದೆ, ಪಾಲಿಸಿಯೇ ರದ್ದಾಗಲೂಬಹುದು. ಹಣ ಕಳೆದುಕೊಳ್ಳುವವರು ನೀವು, ಅವರಲ್ಲ. ಬರೆದು ಕೊಟ್ಟರೆ ಕಾಯಬೇಕಾಗುತ್ತದೆ, ಪ್ರೀಮಿಯಂ ಸ್ವಲ್ಪ ಏರಲೂಬಹುದು. ಆದರೆ ಕಾದು ಮುಗಿದ ಮೇಲೆ ಆ ಹಕ್ಕು ನಿಮ್ಮದು, ಮುಂದೆ ಕಂಪನಿ ಬದಲಾಯಿಸಿದರೂ ಕಾದ ಅವಧಿ ಲೆಕ್ಕಕ್ಕೆ ಬರುತ್ತದೆ. ಅರ್ಜಿಯನ್ನು ನೀವೇ ಓದಿ, ಭರ್ತಿ ಮಾಡಿದ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಪಾಲಿಸಿ ಕೈಸೇರಿದ ಮೇಲೆ ಷರತ್ತು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂತಿರುಗಿಸಬಹುದು.

ಮುಂದೆ ಎಂದಾದರೂ ಕ್ಲೇಮು ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಪಡೆದು, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.