ಓದುಗರ ಪ್ರಶ್ನೆ: ಮಳೆಯಲ್ಲಿ ಬೈಕ್ ಮತ್ತು ಮುಂದಿನ ಬ್ರೇಕ್

ಪ್ರಶ್ನೆ: ನೆಲಮಂಗಲದಿಂದ ಪೀಣ್ಯದ ಕಾರ್ಖಾನೆಗೆ ದಿನವೂ ಬೈಕಿನಲ್ಲಿ ಹೋಗಿಬರುತ್ತೇನೆ. 2017ರಲ್ಲಿ ಕೊಂಡ 100 ಸಿಸಿ ಗಾಡಿ. ಕಳೆದ ತಿಂಗಳು ಸಂಜೆ ಮಳೆ ಶುರುವಾದ ಹೊತ್ತಿಗೆ ಮುಂದಿದ್ದ ಆಟೊ ತಟ್ಟನೆ ನಿಂತಿತು. ಬಲವಾಗಿ ಬ್ರೇಕ್ ತುಳಿದೆ, ಹಿಂದಿನ ಚಕ್ರ ಪಕ್ಕಕ್ಕೆ ಜಾರಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಆದರೆ ಅಂದಿನಿಂದ ಮೋಡ ಕವಿದರೆ ಕೈ ನಡುಗುತ್ತದೆ. ಟೈರ್ ಹೊಸದೇ ಇದೆ. ತಪ್ಪು ಎಲ್ಲಾಯಿತು?

ಉತ್ತರ: ನೀವು ‘ಬ್ರೇಕ್ ತುಳಿದೆ’ ಎಂದು ಬರೆದಿದ್ದೀರಿ, ‘ಹಿಡಿದೆ’ ಎಂದು ಎಲ್ಲಿಯೂ ಬರೆದಿಲ್ಲ. ಕಾಲಿನಿಂದ ತುಳಿಯುವುದು ಹಿಂದಿನ ಬ್ರೇಕ್, ಬಲಗೈಯಲ್ಲಿ ಹಿಡಿಯುವುದು ಮುಂದಿನದು. ಕಾರಣ ಬಹುಮಟ್ಟಿಗೆ ಅಲ್ಲಿಯೇ ಇದೆ. ಸೈಕಲ್ ಕಲಿಯುವಾಗ ‘ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೀಯ’ ಎಂದು ಹಿರಿಯರು ಹೇಳಿದ ಮಾತು ನಮ್ಮಲ್ಲಿ ಅನೇಕರ ಕೈಯನ್ನು ಇಂದಿಗೂ ಕಟ್ಟಿಹಾಕಿದೆ. ಗಾಡಿ ನಿಲ್ಲತೊಡಗಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ; ಮುಂದಿನ ಟೈರು ರಸ್ತೆಯನ್ನು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಆ ಚಕ್ರವನ್ನು ಕಾಲಿನ ಪೂರ್ತಿ ಬಲದಿಂದ ತಡೆದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ಟೈರ್ ಎಷ್ಟೇ ಹೊಸದಿರಲಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಬ್ರೇಕುಗಳು ಒಟ್ಟಿಗೆ ಕೆಲಸ ಮಾಡುವ ಸಿಬಿಎಸ್ ಅಥವಾ ಚಕ್ರ ಪೂರ್ತಿ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಯಿತು. ನಿಮ್ಮ ಗಾಡಿ ಅದಕ್ಕಿಂತ ಹಳೆಯದಾದ್ದರಿಂದ ಆ ಕೆಲಸವನ್ನು ಬಹುಶಃ ನಿಮ್ಮ ಬಲಗೈಯೇ ಮಾಡಬೇಕು.

ಭಾನುವಾರ ಬೆಳಿಗ್ಗೆ ಖಾಲಿ ಮೈದಾನವೊಂದರಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅಭ್ಯಾಸ ಶುರುಮಾಡಿ. ಹ್ಯಾಂಡಲ್ ನೇರವಾಗಿರಲಿ. ಮುಂದಿನ ಬ್ರೇಕಿನ ಲಿವರನ್ನು ಒಮ್ಮೆಲೇ ಕಿತ್ತುಕೊಳ್ಳುವಂತೆ ಎಳೆಯದೆ, ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ ಒತ್ತಿ, ಕಾಲಿನ ಒತ್ತಡ ಹಗುರವಾಗಿರಲಿ. ಕೈಗೆ ಅದು ರೂಢಿಯಾಗಲು ಒಂದೆರಡು ವಾರ ಬೇಕಾಗಬಹುದು. ಹ್ಯಾಂಡಲ್ ತಿರುಗಿಸಿರುವಾಗ ಮಾತ್ರ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿಯಬೇಡಿ.

ಇನ್ನು ಅಂದಿನ ಮಳೆಯ ವಿಷಯ. ಒಣಗಿದ ರಸ್ತೆಯ ಮೇಲೆ ಕೂತಿದ್ದ ಎಣ್ಣೆ, ಧೂಳು ಮೊದಲ ಹನಿಗಳಿಗೆ ಕಲಸಿ ಲೋಳೆಯಂತಾಗುತ್ತದೆ. ಜೋರು ಮಳೆ ಅದನ್ನು ತೊಳೆಯುವವರೆಗಿನ ಆರಂಭದ ಕೆಲವು ನಿಮಿಷಗಳೇ ಅತಿ ಅಪಾಯದ ಹೊತ್ತು. ಬೇಸಿಗೆಯ ಮಳೆಗೆ ಉದುರಿದ ಹೊಂಗೆ ಹೂವು, ರಸ್ತೆಯ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಮೇಲ್ಸೇತುವೆಯ ಕಬ್ಬಿಣದ ಜೋಡಣೆ ಇವೆಲ್ಲವನ್ನೂ ಬ್ರೇಕ್ ಮುಟ್ಟದೆ ನೇರವಾಗಿ ದಾಟಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ನೀವು ನೋಡಿ, ನಿರ್ಧರಿಸಿ, ಪೂರ್ತಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲಿ 28 ಮೀಟರ್, ಒದ್ದೆ ರಸ್ತೆಯಲ್ಲಿ 40 ಮೀಟರಿನಷ್ಟು ದೂರ ಸರಿದಿರುತ್ತದೆ, ಅಂದರೆ ಮೂರು ಬಿಎಂಟಿಸಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದ್ದಕ್ಕಿಂತ ಹೆಚ್ಚು. ಆಟೊ ಹಿಂದೆ ಅಷ್ಟು ಜಾಗ ಬಿಟ್ಟರೆ ಬೇರೆಯವರು ನುಗ್ಗುತ್ತಾರೆ ನಿಜ, ನುಗ್ಗಲಿ ಬಿಡಿ. ಮತ್ತೆ ಸ್ವಲ್ಪ ಹಿಂದೆ ಸರಿದರೆ ಮನೆ ತಲುಪುವುದು ಎರಡು ನಿಮಿಷ ತಡವಾದೀತು, ಅಷ್ಟೇ.

ಮೋಡ ಕಂಡ ಕೂಡಲೇ, ಕಾರ್ಖಾನೆಯ ಗೇಟಿನಲ್ಲಿಯೇ ರೇನ್‌ಕೋಟ್ ತೊಟ್ಟುಬಿಡಿ. ಹನಿ ಬಿದ್ದಮೇಲೆ ಮೇಲ್ಸೇತುವೆಯ ಕೆಳಗೆ ನಡುರಸ್ತೆಯಲ್ಲಿ ನಿಂತು ತೊಡುವವರನ್ನು ಕಂಡರೆ ನನಗೆ ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಹಿಂದಿನಿಂದ ಬರುವ ಲಾರಿಯವನ ಗಾಜೂ ಆಗ ಮಂಜಾಗಿರುತ್ತದೆ.

ಪ್ರಶ್ನೆ: ರಾಮನಗರದಿಂದ ಬಿಡದಿಗೆ ಕೆಲಸಕ್ಕೆ ಹೋಗುತ್ತೇನೆ. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಬೈಕ್ ಓಡಿಸಬಹುದೇ?

ಉತ್ತರ: ಇಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ. ಸರ್ವಿಸ್ ರಸ್ತೆಯಲ್ಲಿ ಹೋಗಿ, ಆದರೆ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವವರ ಮೇಲೆ ಸದಾ ಕಣ್ಣಿರಲಿ.

ಪ್ರಶ್ನೆ: ನನ್ನನ್ನು ಯಜಮಾನರು ದಿನವೂ ಬೈಕಿನಲ್ಲಿ ಕಚೇರಿಗೆ ಬಿಡುತ್ತಾರೆ. ನಾನು ಹಾಕಿಕೊಳ್ಳುವುದು ಟೋಪಿಯಂಥ ಅಗ್ಗದ ಹೆಲ್ಮೆಟ್. ಸಾಕೇ?

ಉತ್ತರ: ಸಾಲದು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಆದರೆ ಅದು ದಂಡ ತಪ್ಪಿಸಲು ತಲೆಯ ಮೇಲಿಡುವ ವಸ್ತುವಲ್ಲ. ಬಿದ್ದಾಗ ಪೆಟ್ಟನ್ನು ನುಂಗುವುದು ಒಳಗಿನ ದಪ್ಪ ಥರ್ಮೋಕೋಲ್ ಪದರ, ಟೋಪಿಯಂಥವುಗಳಲ್ಲಿ ಅದು ಇರುವುದೇ ಇಲ್ಲ. ಐಎಸ್‌ಐ ಗುರುತಿರುವ, ಕಿವಿ ಗಲ್ಲ ಮುಚ್ಚುವ ಹೆಲ್ಮೆಟನ್ನು ನೀವೇ ಅಂಗಡಿಗೆ ಹೋಗಿ ತೊಟ್ಟು ನೋಡಿ ಕೊಳ್ಳಿ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಅದು ಬೇರೆಯಾಗಿ ಅಲ್ಲಾಡಬಾರದು. ಸೀರೆ ಉಡುವವರಾದರೆ ಸೆರಗು ಚಕ್ರದ ಕಡೆ ಇಳಿಬೀಳದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಹತ್ತಿ.