ಬಳಕೆದಾರರ ಪ್ರಶ್ನೋತ್ತರ: ಕೆಂಪು ಗೋಬಿಯೂ ಕಾನೂನಿನ ಕಲಮೂ

ತಿನಿಸು ಮತ್ತು ಪಾನೀಯಗಳಿಗೆ ಬೆರೆಸುವ ಕೃತಕ ಬಣ್ಣ, ಸಂರಕ್ಷಕ ಮುಂತಾದವುಗಳ ಕುರಿತು ಬಂದಿರುವ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಡಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದೆ.

ಪ್ರಶ್ನೆ: 2024ರಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ನಮ್ಮೂರಿನ ಬಸ್ ನಿಲ್ದಾಣದ ಎದುರಿನ ಗಾಡಿಗಳಲ್ಲಿ ಕೆಲವು ತಿಂಗಳು ಬಣ್ಣ ಕಡಿಮೆಯಾಗಿತ್ತು. ಈಗ ಮತ್ತೆ ಕೆಂಡದಂತೆ ಕೆಂಪಾಗಿದೆ. ಕೇಳಿದರೆ ‘ಅದು ಕಾಶ್ಮೀರಿ ಮೆಣಸಿನಪುಡಿ ಅಕ್ಕಾ’ ಎನ್ನುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ಏನು ಮಾಡಬಹುದು?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ನಿಂತು ಕಾಶ್ಮೀರದ ಹೆಸರು ಹೇಳುವ ವ್ಯಾಪಾರಿಯ ಧೈರ್ಯವನ್ನು ಮೆಚ್ಚಲೇಬೇಕು. ಇರಲಿ. ನಿಷೇಧವಾದದ್ದು ಏನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳೋಣ, ಏಕೆಂದರೆ ನಿಮ್ಮ ದೂರಿಗೆ ಬಲ ಬರುವುದು ಅಲ್ಲಿಂದಲೇ.

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಪ್ರಕಟಿಸಿದ ಮಾಹಿತಿಯಂತೆ, ರಾಜ್ಯದಲ್ಲಿ ಪರೀಕ್ಷೆಗೆ ಒಳಪಡಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರದ್ದೂ ಅದೇ ಕಥೆ. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ತಿಳಿದುಬಂದಾಗ ಅದಕ್ಕೂ ಬಣ್ಣ ಹಾಕದಂತೆ ಆದೇಶವಾಯಿತು. ಈ ಮಾದರಿಗಳಲ್ಲಿ ಸಿಕ್ಕ ಬಣ್ಣಗಳು ಎರಡು ಜಾತಿಯವು ಎಂಬುದನ್ನು ಗಮನಿಸಬೇಕು. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ; ಯಾವ ಆಹಾರದಲ್ಲಿಯೂ, ಎಷ್ಟೇ ಅಲ್ಪ ಪ್ರಮಾಣದಲ್ಲಿಯೂ ಅದಕ್ಕೆ ಅನುಮತಿಯಿಲ್ಲ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಎಂಬವು ಹಾಗಲ್ಲ. ನಮ್ಮ ದೇಶದಲ್ಲಿ ಅನುಮತಿ ಪಡೆದ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲಿ ಅವೂ ಸೇರಿದ್ದು, ಬಿಸ್ಕತ್ತು, ಐಸ್‌ಕ್ರೀಂ, ಸಿಹಿತಿಂಡಿಗಳಂತಹ ಗೊತ್ತುಪಡಿಸಿದ ತಿನಿಸುಗಳಲ್ಲಿ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಬಳಸಬಹುದು. ಆದರೆ ಗೋಬಿ ಮಂಚೂರಿಯಾಗಲಿ ಕಬಾಬಾಗಲಿ ಆ ತಿನಿಸುಗಳ ಸಾಲಿನಲ್ಲಿಲ್ಲ. ಆದ್ದರಿಂದ ‘ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್ ಇದೆ, ನೋಡಿ’ ಎಂದು ವ್ಯಾಪಾರಿ ತೋರಿಸಿದರೆ ಅವನು ಸುಳ್ಳು ಹೇಳುತ್ತಿಲ್ಲದಿರಬಹುದು, ಆದರೂ ತಪ್ಪು ತಪ್ಪೇ. ಪರವಾನಗಿ ಇರುವುದು ಬಣ್ಣಕ್ಕೆ, ಅದನ್ನು ಗೋಬಿಗೆ ಹಾಕುವುದಕ್ಕಲ್ಲ. ಅಲ್ಲದೆ, ಕಿಲೋಗೆ 100 ಮಿಲಿಗ್ರಾಂ ಎಂಬ ಮಿತಿಯನ್ನು ತಕ್ಕಡಿಯಿಲ್ಲದ ಗಾಡಿಯಲ್ಲಿ ಪಾಲಿಸುವುದು ಬಹಳ ಕಷ್ಟ. ಎರಡು ಬೆರಳಿನ ಚಿಟಿಕೆಯಲ್ಲಿ ಬರುವ ಪುಡಿಯೇ ಅದನ್ನು ಸುಲಭವಾಗಿ ಮೀರುತ್ತದೆ.

ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಮೇಲೆ ಹೇಳಿದ ಕೃತಕ ಬಣ್ಣಗಳು ನೀರಿನಲ್ಲಿ ಕರಗುತ್ತವೆ. ಸಾಸ್ ಹಾಕದ ಒಂದು ತುಂಡನ್ನು ಲೋಟದ ತಣ್ಣೀರಿನಲ್ಲಿ ಬಿಟ್ಟಾಗ ನೀರೆಲ್ಲ ಕಿತ್ತಳೆಗೆಂಪಾದರೆ ಅನುಮಾನಕ್ಕೆ ಕಾರಣವಿದೆ. ಬಣ್ಣ ಎಣ್ಣೆಯ ಪಸೆಯೊಂದಿಗೆ ಮೇಲೆ ತೇಲಿದರೆ ವ್ಯಾಪಾರಿಯ ಮಾತು ನಿಜವಿರಬಹುದು. ಇದು ಅನುಮಾನಕ್ಕೆ ಸಾಕು, ಪುರಾವೆಗೆ ಸಾಲದು. ಲೋಟದ ಫೋಟೊ ತೆಗೆದು ಊರೆಲ್ಲ ಹಂಚಬೇಡಿ.

ಪುರಾವೆಯ ದಾರಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಮಿನಲ್ಲಿದೆ. ಬಳಕೆದಾರರ ಸಂಘಟನೆಗಳಲ್ಲಿರುವವರೂ ಈ ಕಲಮನ್ನು ಬಳಸಿದ್ದು ಕಡಿಮೆ ಎಂಬುದು ನನ್ನ ಬೇಸರ. ಸಾಮಾನ್ಯ ಖರೀದಿದಾರರು ಯಾರೇ ಆಗಲಿ, ತಾವು ಕೊಂಡ ಆಹಾರವನ್ನು ನಿಗದಿತ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಆದರೆ ‘ಇದನ್ನು ಪರೀಕ್ಷೆಗೆ ಕಳುಹಿಸುತ್ತಿದ್ದೇವೆ’ ಎಂದು ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಬೇಕೆಂಬ ಷರತ್ತು ಇದೆ. ವರದಿ ವ್ಯಾಪಾರಿಗೆ ವಿರುದ್ಧವಾಗಿ ಬಂದರೆ ಕಟ್ಟಿದ ಶುಲ್ಕ ನಿಮಗೆ ಹಿಂದಿರುಗುತ್ತದೆ ಮತ್ತು ವಿಶ್ಲೇಷಕರು ವರದಿಯನ್ನು ಮುಂದಿನ ಕ್ರಮಕ್ಕಾಗಿ ಅಂಕಿತಾಧಿಕಾರಿಗೆ (ಈ ಕಾಯ್ದೆಯನ್ನು ಜಿಲ್ಲೆಯಲ್ಲಿ ಜಾರಿಗೊಳಿಸುವ ಅಧಿಕಾರಿಗೆ) ಕಳುಹಿಸಬೇಕಾಗುತ್ತದೆ. ಗಾಡಿಯವರು ಬಿಲ್ಲು ಕೊಡುವುದಿಲ್ಲವಾದ್ದರಿಂದ ಹಣವನ್ನು ಯುಪಿಐ ಮೂಲಕ ಪಾವತಿಸಿ. ದಿನಾಂಕ, ವೇಳೆ, ಮೊತ್ತ ಮೂರೂ ದಾಖಲಾಗುತ್ತವೆ. ಇಬ್ಬರು ಸಾಕ್ಷಿಗಳಿದ್ದರೆ ಇನ್ನೂ ಒಳ್ಳೆಯದು, ಸಂಘಕ್ಕೆ ಅದೇನೂ ಕಷ್ಟವಲ್ಲ.

ಇದಕ್ಕಿಂತ ಗಟ್ಟಿಯಾದ ದಾರಿಯೆಂದರೆ ಜಿಲ್ಲೆಯ ಅಂಕಿತಾಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಆಹಾರ ಸುರಕ್ಷತಾಧಿಕಾರಿಯೇ ಮಾದರಿ ತೆಗೆಯುವಂತೆ ಮಾಡುವುದು. ಅವರು ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಆ ಅವಧಿ ಮುಗಿದ ಮೇಲೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ವರದಿಯ ಪ್ರತಿ ಕೇಳಿ. ವ್ಯಾಪಾರಿಯನ್ನು ಹೆದರಿಸಲು ‘ಏಳು ವರ್ಷ ಜೈಲು, ಹತ್ತು ಲಕ್ಷ ದಂಡ’ ಎಂದು ಹೇಳುವ ವಾಡಿಕೆ ಇದೆ. ಕಾಯ್ದೆಯ 59ನೇ ಕಲಮಿನಲ್ಲಿ ಆ ಶಿಕ್ಷೆ ಇರುವುದು ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದಾಗ; ಯಾರಿಗೂ ಹಾನಿಯಾಗದ ಪ್ರಕರಣದಲ್ಲಿ ಶಿಕ್ಷೆ ಬಹಳ ಕಡಿಮೆ. ಆಗಲಾರದ ಶಿಕ್ಷೆಯ ಬೆದರಿಕೆಗಿಂತ ಆಗಬಹುದಾದ ಪರೀಕ್ಷೆಯ ಸೂಚನೆಗೆ ವ್ಯಾಪಾರಿ ಬೇಗ ಬಗ್ಗುತ್ತಾನೆ.

ಇನ್ನೊಂದು ಮಾತು. ಗಾಡಿಯ ಮುಂದೆ ಧಿಕ್ಕಾರ ಕೂಗುವ ಮೊದಲು, ಆ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಸಗಟು ಅಂಗಡಿ ಯಾವುದೆಂದು ಪತ್ತೆ ಮಾಡಿ. ಆಹಾರದ ಬಣ್ಣವನ್ನು ಲೇಬಲ್ ಇರುವ, ಮೊಹರು ಮಾಡಿದ ಡಬ್ಬಿಯಲ್ಲಿಯೇ ಮಾರಬೇಕು. ದಿನಕ್ಕೆ ಕೆಲವು ನೂರು ರೂಪಾಯಿ ದುಡಿಯುವವನ ಮೇಲೆ ಮಾತ್ರ ಬೀಳುವ ಹೋರಾಟಕ್ಕೆ ನನ್ನ ಬೆಂಬಲ ಅರ್ಧ ಮನಸ್ಸಿನದು.

ಪ್ರಶ್ನೆ: ‘ಈ ಸಂಖ್ಯೆಗಳಿರುವ ಪೊಟ್ಟಣ ಕೊಳ್ಳಬೇಡಿ, ಕ್ಯಾನ್ಸರ್ ಖಚಿತ’ ಎಂಬ ಒಕ್ಕಣೆಯೊಂದಿಗೆ 330, 322, 621, 211 ಮುಂತಾದ ಸಂಖ್ಯೆಗಳ ಪಟ್ಟಿಯೊಂದು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ. ಅದನ್ನು ಮುದ್ರಿಸಿ ಮನೆಮನೆಗೆ ಹಂಚಬೇಕೆಂದಿದ್ದೇವೆ. ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಹಂಚಬೇಡಿ. ಇವು ಆಹಾರಕ್ಕೆ ಸೇರಿಸುವ ವಸ್ತುಗಳನ್ನು ಗುರುತಿಸಲು ಪೊಟ್ಟಣದ ಮೇಲೆ ಮುದ್ರಿಸುವ ಸಂಖ್ಯೆಗಳು. ಇಂತಹ ಪಟ್ಟಿಗಳಿಗೆ ವಾಟ್ಸಾಪಿಗಿಂತ ಹೆಚ್ಚು ವಯಸ್ಸಾಗಿದೆ. 1976ರ ಸುಮಾರಿಗೆ ಫ್ರಾನ್ಸಿನಲ್ಲಿ ಬೆರಳಚ್ಚಿನ ಕರಪತ್ರವೊಂದು ಹುಟ್ಟಿಕೊಂಡು, ಪ್ಯಾರಿಸ್ ಬಳಿಯ ವಿಲ್‌ಜ್ವೀಫ್ ಎಂಬ ಊರಿನ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆಯೇ ಹೊರಡಿಸಿದ್ದೆಂಬ ಸೋಗಿನಲ್ಲಿ ಯುರೋಪಿನಾದ್ಯಂತ ಕೈಯಿಂದ ಕೈಗೆ ದಾಟಿತು. ತನಗೂ ಅದಕ್ಕೂ ಸಂಬಂಧವಿಲ್ಲವೆಂದು ಆಸ್ಪತ್ರೆ ಎಷ್ಟು ಹೇಳಿದರೂ ಅದು ನಿಲ್ಲಲಿಲ್ಲ. ಅದರಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಎಂದು ಹೆಸರಿಸಿದ್ದು ಇದೇ 330ನ್ನು. 330 ಎಂದರೆ ಸಿಟ್ರಿಕ್ ಆಮ್ಲ, ನಿಮ್ಮ ಮನೆಯ ನಿಂಬೆಹಣ್ಣಿನ ಹುಳಿ. 322 ಲೆಸಿಥಿನ್, ಹೆಚ್ಚಾಗಿ ಸೋಯಾದಿಂದ ತೆಗೆದದ್ದು. 621 ಎಂಬುದು ಅಜಿನೊಮೊಟೊ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಯವಿರುವ ಮೊನೊಸೋಡಿಯಂ ಗ್ಲುಟಮೇಟ್ (ಎಂಎಸ್‌ಜಿ). 211 ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ. ಇವೆಲ್ಲವನ್ನೂ ಬಟ್ಟೆಯ ಬಣ್ಣದ ಜೊತೆಗೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ನಿಂಬೆಹುಳಿಯ ವಿಷಯದಲ್ಲಿ ಪಟ್ಟಿ ಸುಳ್ಳೆಂದು ತಿಳಿದ ದಿನ ರೋಡಮೈನ್ ವಿಷಯದಲ್ಲಿಯೂ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಕಂಪನಿಗಳಿಗೆ ಇದಕ್ಕಿಂತ ಅನುಕೂಲಕರವಾದ ವಿರೋಧಿಗಳು ಸಿಗಲಾರರು.

ಹಂಚಲೇಬೇಕೆಂದಿದ್ದರೆ ಕೃತಕ ಬಣ್ಣಗಳ ಸಂಖ್ಯೆಗಳನ್ನಷ್ಟೇ ಹಂಚಿ: 102 ಟಾರ್ಟ್ರಜೀನ್, 110 ಸನ್‌ಸೆಟ್ ಯೆಲ್ಲೋ, 122 ಕಾರ್ಮೊಯಿಸಿನ್, 124 ಪೊನ್ಸೊ 4ಆರ್, 127 ಎರಿಥ್ರೊಸಿನ್, 132 ಇಂಡಿಗೊ ಕಾರ್ಮೈನ್, 133 ಬ್ರಿಲಿಯಂಟ್ ಬ್ಲೂ, 143 ಫಾಸ್ಟ್ ಗ್ರೀನ್. ಇವುಗಳಲ್ಲಿ 127ನ್ನು ಆಹಾರದಿಂದ ಕೈಬಿಡಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಜನವರಿಯಲ್ಲಿ ಆದೇಶಿಸಿತು. ಗಂಡು ಇಲಿಗಳಲ್ಲಿ ಗಡ್ಡೆ ಕಂಡಿದ್ದರಿಂದ 1990ರಲ್ಲಿಯೇ ಅದನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದ ದೇಶ, ತುಟಿಗೆ ಹಚ್ಚಬಾರದ್ದನ್ನು ಮಕ್ಕಳ ಮಿಠಾಯಿಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಉಳಿಸಿಕೊಂಡಿತ್ತು. ಆದೇಶ ಹೊರಬಿದ್ದದ್ದು ಬಳಕೆದಾರರ ಸಂಘಟನೆಗಳು 2022ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ.

ಪ್ರಶ್ನೆ: ಸಹಿ ಸಂಗ್ರಹ, ಬಹಿಷ್ಕಾರಗಳಿಂದ ದೊಡ್ಡ ಕಂಪನಿಗಳು ನಿಜವಾಗಿ ಬದಲಾದ ಉದಾಹರಣೆಗಳಿವೆಯೇ? ನನ್ನ ಅನುಭವದಲ್ಲಿ ಎಲ್ಲವೂ ನಾಲ್ಕು ದಿನದ ಗದ್ದಲ.
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಇವೆ, ಆದರೆ ನಿಮ್ಮ ಸಂಶಯದಲ್ಲಿಯೂ ಹುರುಳಿದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹದಿಹರೆಯದ ಹುಡುಗಿಯೊಬ್ಬಳು 2012ರಲ್ಲಿ ತಾನು ಕುಡಿಯುತ್ತಿದ್ದ ಗೇಟೊರೇಡ್ ಪಾನೀಯದಲ್ಲಿ ಬ್ರೋಮಿನ್ ಸೇರಿಸಿದ ಸಸ್ಯತೈಲವಿರುವುದನ್ನು ಲೇಬಲ್ಲಿನಲ್ಲಿ ಓದಿ, ಅದನ್ನು ತೆಗೆಯಬೇಕೆಂದು ಸಹಿ ಸಂಗ್ರಹ ಆರಂಭಿಸಿದಳು. ಎರಡು ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. 2013ರ ಜನವರಿಯಲ್ಲಿ ಪೆಪ್ಸಿಕೊ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು, ಮರುವರ್ಷ ಕೋಕಾ-ಕೋಲಾ ಕೂಡ ಅದೇ ದಾರಿ ಹಿಡಿಯಿತು. ಸರ್ಕಾರಿ ನಿಷೇಧ ಬಂದದ್ದು ಮಾತ್ರ 2024ರ ಜುಲೈನಲ್ಲಿ. ನಮ್ಮ ದೇಶ ಆ ತೈಲವನ್ನು 1990ರಲ್ಲಿಯೇ ನಿಷೇಧಿಸಿತ್ತು ಎಂಬುದನ್ನು, ಎಲ್ಲದರಲ್ಲಿಯೂ ನಾವು ಹಿಂದೆ ಎನ್ನುವವರು ಗಮನಿಸಬಹುದು.

ನಮ್ಮಲ್ಲಿನ ಸ್ಪಷ್ಟವಾದ ಗೆಲುವು ಬ್ರೆಡ್ಡಿನದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2016ರ ಮೇ ತಿಂಗಳಲ್ಲಿ ಬ್ರೆಡ್, ಬನ್ನುಗಳ 38 ಮಾದರಿಗಳನ್ನು ಪರೀಕ್ಷಿಸಿ, ಶೇ 84ರಷ್ಟರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟಿನ ಶೇಷವಿರುವುದನ್ನು ಪ್ರಕಟಿಸಿತು. ಬ್ರೋಮೇಟ್ ಹಿಟ್ಟನ್ನು ಹಗುರಾಗಿ ಉಬ್ಬಿಸಲು ಹಾಕುವ ರಾಸಾಯನಿಕ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ ವಸ್ತುಗಳ ಪಟ್ಟಿಗೆ 1999ರಲ್ಲಿಯೇ ಸೇರಿತ್ತು. ವರದಿ ಬಂದ ಒಂದು ತಿಂಗಳೊಳಗೆ, ಜೂನ್‌ನಲ್ಲಿ, ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ಅನುಮತಿ ಪಟ್ಟಿಯಿಂದ ತೆಗೆದುಹಾಕಿತು. ಈ ಎರಡೂ ಕಡೆ ಕೇಳಿದ್ದು ಹೆಸರಿಸಿದ ಒಂದೆರಡು ರಾಸಾಯನಿಕಗಳನ್ನು ತೆಗೆಯಿರಿ ಎಂದು, ಅವಿಲ್ಲದೆಯೂ ಆ ವಸ್ತುವನ್ನು ತಯಾರಿಸಬಹುದೆಂಬುದು ಆಗಲೇ ಗೊತ್ತಿತ್ತು. ‘ರಾಸಾಯನಿಕಮುಕ್ತ ಆಹಾರ ಕೊಡಿ’ ಎಂಬ ಬೇಡಿಕೆಗೆ ಯಾವ ಕಂಪನಿಯೂ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ, ಏಕೆಂದರೆ ಅದಕ್ಕೆ ಉತ್ತರವಿಲ್ಲ.

ನೀವು ಗದ್ದಲ ಎನ್ನುವುದಕ್ಕೆ 2015ರ ಮ್ಯಾಗಿ ಪ್ರಕರಣ ತಕ್ಕ ನಿದರ್ಶನ. ಉತ್ತರ ಪ್ರದೇಶದ ಬಾರಾಬಂಕಿಯ ಆಹಾರ ಅಧಿಕಾರಿಯೊಬ್ಬರು ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಲೇಬಲ್ಲನ್ನು ನಂಬದೆ ಮಾದರಿ ಕಳುಹಿಸಿದ್ದರಿಂದ ಆರಂಭವಾದ ಅದು, ಸೀಸದ ಅಂಶದ ಆರೋಪದವರೆಗೆ ಬೆಳೆದು, ಜೂನ್‌ನಲ್ಲಿ ದೇಶವ್ಯಾಪಿ ನಿಷೇಧವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿತು. ಕಂಪನಿಯ ಅಹವಾಲು ಕೇಳದೆ ಆದೇಶ ಹೊರಡಿಸಲಾಗಿತ್ತು ಮತ್ತು ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ ಎಂಬುದು ಅದಕ್ಕೆ ಕಾರಣ. ಮಾದರಿಗಳು ಮುಂದೆ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೂ (ಸಿಎಫ್‌ಟಿಆರ್‌ಐ) ಬಂದವು. ಲೇಬಲ್ಲಿನ ಮಾತು ಜನರನ್ನು ದಾರಿ ತಪ್ಪಿಸುತ್ತದೆಯೇ ಎಂಬ ಮೂಲ ಪ್ರಶ್ನೆ ಸೀಸದ ಅಬ್ಬರದಲ್ಲಿ ಹಿಂದೆ ಸರಿಯಿತು. ಹಾವೇರಿಯ ಓದುಗರಿಗೆ ಮೊಹರು, ಸ್ವೀಕೃತಿ, ಸಾಕ್ಷಿ ಎಂದು ನಾನು ಅಷ್ಟು ಒತ್ತಿ ಹೇಳಿರುವುದು ಇದೇ ಕಾರಣಕ್ಕೆ.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮಿಠಾಯಿಯೊಂದರ ಮೇಲೆ ‘ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪ್ರತಿಕೂಲ ಪರಿಣಾಮ ಬೀರಬಹುದು’ ಎಂಬ ಎಚ್ಚರಿಕೆ ಕಂಡೆ. ಅದೇ ಬಣ್ಣವಿರುವ ಇಲ್ಲಿನ ಮಿಠಾಯಿಯ ಮೇಲೆ ಏಕಿಲ್ಲ?
– ಓದುಗರು, ಮೈಸೂರು

ಉತ್ತರ: ಅಲ್ಲಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲವು ಕೃತಕ ಬಣ್ಣಗಳನ್ನು ಸೋಡಿಯಂ ಬೆಂಜೊಯೇಟಿನೊಂದಿಗೆ ಬೆರೆಸಿದ ಪಾನೀಯ ಕುಡಿದ ಮಕ್ಕಳಲ್ಲಿ ಚಂಚಲತೆ ಹೆಚ್ಚಿದ್ದು ಕಂಡುಬಂದಿತು. ಪರಿಣಾಮ ದೊಡ್ಡದಾಗಿರಲಿಲ್ಲ, ಎಲ್ಲ ಮಕ್ಕಳಲ್ಲಿ ಒಂದೇ ಸಮನಾಗಿಯೂ ಇರಲಿಲ್ಲ. ಯಾವ ಬಣ್ಣದ ದೋಷ ಎಷ್ಟು ಎಂದು ಬಿಡಿಸಿ ಹೇಳಲೂ ಆ ಅಧ್ಯಯನದಿಂದ ಆಗುತ್ತಿರಲಿಲ್ಲ. ಹಾಗಿದ್ದರೂ ಯುರೋಪಿಯನ್ ಒಕ್ಕೂಟ 2010ರ ಜುಲೈ 20ರಿಂದ ಆರು ಬಣ್ಣಗಳಿಗೆ ಈ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಆ ವಾಕ್ಯವನ್ನು ಮುದ್ರಿಸುವುದಕ್ಕಿಂತ ಬಣ್ಣ ಬದಲಿಸುವುದೇ ಲೇಸೆಂದು ಎಷ್ಟೋ ತಯಾರಕರು ಬೀಟ್‌ರೂಟ್, ಕ್ಯಾರೆಟ್, ಅರಿಸಿನಗಳತ್ತ ತಿರುಗಿದರು. ಆ ಆರರಲ್ಲಿ ನಾಲ್ಕು (102, 110, 122, 124) ನಮ್ಮ ಅನುಮತಿ ಪಟ್ಟಿಯಲ್ಲಿವೆ. ಕೃತಕ ಬಣ್ಣವಿದೆ ಎಂದು ತಿಳಿಸಿದರೆ ಇಲ್ಲಿ ಸಾಕು, ಮಕ್ಕಳ ಕುರಿತ ಎಚ್ಚರಿಕೆ ಬೇಕೆಂದು ನಿಯಮ ಹೇಳುವುದಿಲ್ಲ. ಹೊಸ ನಿಯಮಗಳ ಕರಡು ಪ್ರಕಟವಾದಾಗ ಪ್ರಾಧಿಕಾರ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಉದ್ಯಮದವರು ತಪ್ಪದೆ ಬರೆಯುತ್ತಾರೆ, ನಾವು ಬರೆಯುವುದಿಲ್ಲ. ನೀವು ಕಂಡ ಲೇಬಲ್ಲಿನ ಚಿತ್ರವನ್ನು ಲಗತ್ತಿಸಿ ಪತ್ರ ಬರೆಯಲು ಇಂಗ್ಲಿಷಿನಲ್ಲಿ ಒಂದು ಪುಟ ಸಾಕು.

ಪ್ರಶ್ನೆ: ಸಂತೆಯಲ್ಲಿ ಕೊಂಡ ರಾಗಿ ಅಸಹಜವಾಗಿ ಕೆಂಪಾಗಿದೆ. ಮನೆಯಲ್ಲೇ ಪರೀಕ್ಷಿಸಬಹುದೇ?
– ಓದುಗರು, ತುಮಕೂರು

ಉತ್ತರ: ಹತ್ತಿಯ ಎರಡು ಉಂಡೆಗಳನ್ನು ತೆಗೆದುಕೊಂಡು ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಅಡುಗೆ ಎಣ್ಣೆಯಲ್ಲಿ ನೆನೆಸಿ, ರಾಗಿಯ ಹೊರಮೈಯನ್ನು ಬೇರೆಬೇರೆಯಾಗಿ ಉಜ್ಜಿ. ಹತ್ತಿ ಕೆಂಪಾದರೆ ರೋಡಮೈನ್-ಬಿ ಬೆರೆಸಿರುವ ಸಂಭವವಿದೆ. ಇದು ಆಹಾರ ಸುರಕ್ಷತಾ ಪ್ರಾಧಿಕಾರವೇ ಸೂಚಿಸಿರುವ ವಿಧಾನ. ಕೆಂಪಾದರೆ ಆ ರಾಗಿಯನ್ನು ತೊಳೆಯಲೂ ಬೇಡಿ, ಎಸೆಯಲೂ ಬೇಡಿ. ಒಣ ಚೀಲದಲ್ಲಿ ಕಟ್ಟಿ, ಕೊಂಡ ದಿನ ಮತ್ತು ಅಂಗಡಿಯನ್ನು ಚೀಟಿಯಲ್ಲಿ ಬರೆದಿಟ್ಟು, ಅಂಕಿತಾಧಿಕಾರಿಯ ಕಚೇರಿಗೆ ದೂರು ಕೊಡಿ. ಕಚೇರಿ ಎಲ್ಲಿದೆ ಎಂದು ತಿಳಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಉತ್ತರಿಸುತ್ತಾರೆ.